ಕೊನೇ ಪುಟದ ಉತ್ತರ ನೋಡುವ ಮೊದಲು

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ಪಾಠದಲ್ಲಿ 40 ಎಲೆಗಳ ಉದ್ದದ ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಉದ್ದ, ಕಂಡುಹಿಡಿಯುವ ಲೆಕ್ಕವೊಂದಿದೆ. ಅದನ್ನು ಹೋಂವರ್ಕಿಗೆ ಕೊಟ್ಟ ಮರುದಿನ ನೋಟ್‌ಬುಕ್ ತಿದ್ದಲು ಕೂತರೆ, ಪ್ರತಿವರ್ಷ ಒಂದೇ ನೋಟ: ರಬ್ಬರ್ ಉಜ್ಜಿದ ಕಲೆಯ ಕೆಳಗೆ ಮಸುಕಾಗಿ 137.75, ಅದರ ಮೇಲೆ ದಪ್ಪಗೆ 146.75. ಮೇಲಿನ ಹಂತಗಳೆಲ್ಲ ಹಾಗೇ ಉಳಿದಿರುತ್ತವೆ. ಪುಸ್ತಕದ ಹಿಂದೆ ಉತ್ತರ ನೋಡಿ ಕೊನೆಯ ಸಾಲನ್ನಷ್ಟೇ ಬದಲಿಸಿರುತ್ತಾರೆ. ಮನೆಯಲ್ಲಿ ಕೇಳುವುದೂ ಅದನ್ನೇ ತಾನೇ, "ಉತ್ತರ ಸರಿ ಬಂತಾ?"

ಆ 137.75 ನನಗೆ ಬಹಳ ಬೇಕಾದ ಸಂಖ್ಯೆ. ಅದನ್ನು ಅಳಿಸಿದರೆ ಮಗು ಎಲ್ಲಿ ಎಡವಿತೆಂದು ನನಗೂ ತಿಳಿಯುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ.

ಮಧ್ಯಾಂಕದ ಸೂತ್ರ ಮಕ್ಕಳಿಗೆ ಬಾಯಿಪಾಠ. ಕೈಕೊಡುವುದು ಅದರೊಳಗಿನ 'ಸಿಎಫ್', ಅಂದರೆ ಸಂಚಿತ ಆವೃತ್ತಿ: ಮೊದಲ ಸಾಲಿನಿಂದ ಕೂಡಿಸುತ್ತಾ ಬಂದ ಎಲೆಗಳ ಎಣಿಕೆ. ಮಧ್ಯಾಂಕ ಇರುವ ವರ್ಗಾಂತರದ (ಉದ್ದದ ಗುಂಪಿನ) ಎದುರಿಗಿರುವ 29ನ್ನೇ ತೆಗೆದು ಹಾಕಿಬಿಡುತ್ತಾರೆ. ಬೇಕಾದದ್ದು ಅದರ ಹಿಂದಿನ ಸಾಲಿನ 17.

ಸೂತ್ರ ಬದಿಗಿಟ್ಟು, ಎಲೆಗಳನ್ನು ಗಿಡ್ಡದರಿಂದ ಉದ್ದಕ್ಕೆ ಸಾಲಾಗಿ ಜೋಡಿಸಿದಂತೆ ನೆನೆಯಿರಿ. 40ರ ಅರ್ಧ 20. ನಾವು ಮುಟ್ಟಬೇಕಾದ್ದು ಅಲ್ಲಿಗೆ. 144.5 ಮಿ.ಮೀ. ಗೆರೆಗೆ ಬರುವಷ್ಟರಲ್ಲಿ 3, 5, 9 ಸೇರಿ 17 ಎಲೆ ಮುಗಿದಿವೆ. ಇನ್ನು 3 ಬೇಕು. ಮುಂದಿನ ಗುಂಪಿನಲ್ಲಿ 9 ಮಿ.ಮೀ. ಅಗಲದೊಳಗೆ 12 ಎಲೆಗಳಿವೆ. 12ರಲ್ಲಿ 3 ಅಂದರೆ ಕಾಲುಭಾಗ. 9ರ ಕಾಲುಭಾಗ 2.25. ಅದನ್ನು 144.5ಕ್ಕೆ ಕೂಡಿಸಿದರೆ 146.75. ಸೂತ್ರ ಮಾಡುವುದು ಇಷ್ಟೇ ಕೆಲಸ. ಇನ್ನೂ ಒಳಹೊಕ್ಕದ ಗುಂಪಿನ 12 ಎಲೆಗಳನ್ನು ಆಗಲೇ ದಾಟಿದೆವೆಂದು ಎಣಿಸಿದರೆ 20ರಿಂದ 29 ಕಳೆಯಬೇಕಾಗುತ್ತದೆ, ಮೈನಸ್ 9 ಬರುತ್ತದೆ. ಆ ಮೈನಸ್ ಕಂಡಾಗಲೇ ಪೆನ್ನು ನಿಲ್ಲಬೇಕು ಮಕ್ಕಳೇ!

ಈ ತಪ್ಪು ಮಾಡಿದರೆ ಉತ್ತರ ಪ್ರತಿಸಲವೂ ಸರಿಯಾಗಿ ಒಂದು ವರ್ಗಾಂತರದ ಗಾತ್ರದಷ್ಟು ಕಡಿಮೆ ಬರುತ್ತದೆ. 146.75ರಿಂದ 9 ಕಳೆದು ನೋಡಿ, 137.75. ಹಾಗಾಗಿ ಅದು ನೀವೇ ಗುರುತಿಸಿದ ವರ್ಗಾಂತರದ ಹೊರಗೆ ಬಿದ್ದಿರುತ್ತದೆ. ಮಧ್ಯಾಂಕ 144.5ರಿಂದ 153.5ರ ನಡುವೆ ಇದೆಯೆಂದು ನೀವೇ ಬರೆದು, ಕೆಳಗೆ 137.75 ಎಂದರೆ ಹೇಗೆ? ಇದನ್ನು ಹಿಡಿಯಲು ಕೊನೇ ಪುಟವೂ ಬೇಡ, ಮೊಬೈಲೂ ಬೇಡ.

ಆದರೆ ಈ ಪರೀಕ್ಷೆ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಪುಸ್ತಕದಲ್ಲಿ 145–153 ಎಂದು ಕೊಟ್ಟದ್ದನ್ನು, ಗುಂಪುಗಳ ನಡುವಿನ ಖಾಲಿ ಜಾಗ ಮುಚ್ಚುವಂತೆ 144.5ಕ್ಕೆ ಸರಿಪಡಿಸದೆ 145 ಎಂದೇ ಹಾಕಿದರೆ 147.25 ಬರುತ್ತದೆ, ಅದು ವರ್ಗಾಂತರದ ಒಳಗೇ ಇದ್ದರೂ ತಪ್ಪು. ಇನ್ನೊಂದು, ಗುಂಪಿನೊಳಗೆ ಎಲೆಗಳು ಸಮನಾಗಿ ಹರಡಿವೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಎಲೆಗಳನ್ನೇ ಒಂದೊಂದಾಗಿ ಅಳೆದರೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು.

ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಇದನ್ನು ಮೂರು ಸಲ ಹೇಳಿದ್ದೆ. ನಾಲ್ಕನೇ ಸಲ ಅವಳೇ ಅಂದಳು: "ಸರ್, ಬಸ್ಸಲ್ಲಿ ಆಗಲೇ 17 ಜನ ಇದ್ದಾರೆ. ಈ ಸ್ಟಾಪಲ್ಲಿ 12 ಜನ ನಿಂತಿದ್ದಾರೆ. ಅವರು ಹತ್ತೋಕೆ ಮುಂಚೆ ಎಣಿಸಬಾರದು, ಅಲ್ವಾ ಸರ್?" ಅಂದಿನಿಂದ ತರಗತಿಯಲ್ಲಿ ನಾನು ಹೇಳುವುದು ಅವಳ ಬಸ್ಸಿನ ಕತೆಯನ್ನೇ.

ಹೆತ್ತವರಲ್ಲಿ ನನ್ನ ಕೋರಿಕೆ ಒಂದೇ. ಉತ್ತರ ಸರಿ ಬಂತಾ ಎನ್ನುವ ಬದಲು, "ಈ 17 ಎಲ್ಲಿಂದ ಬಂತು ಪುಟ್ಟಾ?" ಎಂದು ಕೇಳಿ. ನಿಮಗೆ ಲೆಕ್ಕ ಬಾರದಿದ್ದರೂ ಪರವಾಗಿಲ್ಲ. ಬೋರ್ಡ್ ಪರೀಕ್ಷೆಯಲ್ಲೂ ಹಂತಹಂತಕ್ಕೆ ಅಂಕ ಇರುತ್ತದೆ. ಮೊನ್ನೆ ಒಬ್ಬ ಹುಡುಗ ಉತ್ತರ ಅಳಿಸದೆ, ಪಕ್ಕದಲ್ಲಿ ಪೆನ್ಸಿಲಿನಿಂದ "137.75 ಬಂತು, 144.5ಕ್ಕಿಂತ ಕಮ್ಮಿ ಇದೆ, ಎಲ್ಲೋ ತಪ್ಪಾಗಿದೆ ಸರ್" ಎಂದು ಬರೆದಿದ್ದ. ಅವನ ಆ ಸಾಲಿಗೆ ರೈಟ್ ಹಾಕಿದೆ.