ಒಂದು ಚೆಂಡು ಸಕ್ಕರೆ ಮಲ್ಲಿಗೆ

ಮೇ ತಿಂಗಳ ಮದುವೆಗೆ ಕೇಕ್ ಹೇಳಲು ಬಂದ ಹುಡುಗಿಯ ಮೊಬೈಲಿನಲ್ಲಿ ಬರೀ ಗುಲಾಬಿಯ ಫೋಟೋಗಳು. ಜೊತೆಗೆ ಬಂದಿದ್ದ ಅವಳ ಅಮ್ಮನಿಗೆ ಅದು ಹಿಡಿಸಲಿಲ್ಲ. "ತಲೆಗೆ ಮಲ್ಲಿಗೆ, ಕೇಕಿಗೆ ಮಾತ್ರ ಗುಲಾಬಿ ಯಾಕೆ? ಒಂದು ಚೆಂಡು ಮಲ್ಲಿಗೆ ಸುತ್ತಿಬಿಡು ಮಾರಾಯ್ತಿ" ಎಂದರು.

ಮಂಗಳೂರು, ಉಡುಪಿ ಕಡೆಯವರಿಗೆ ಈ ಲೆಕ್ಕ ಬಾಯಿಪಾಠ. ಒಂದು ಚೆಂಡು ಅಂದರೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸಕ್ಕರೆಯಲ್ಲಿ ಒಂದು ಮೊಗ್ಗು ಮಾಡಲು ನನಗೆ ಮೂರು ನಿಮಿಷ ಬೇಕು. 800 ಮೊಗ್ಗಿಗೆ 40 ಗಂಟೆ! ಹೇಳಿದ ಕೂಡಲೇ ಅಮ್ಮ ನಕ್ಕರು. "ಹಾಗಾದ್ರೆ ಮಾರ್ಕೆಟಿನ ಮಲ್ಲಿಗೆಯನ್ನೇ ಇಟ್ಟರಾಯ್ತಲ್ಲ?"

ನೋಡಲು ಚೆಂದವೇ. ಆದರೆ ನಮ್ಮ ಸೆಕೆಗೆ ರಿಸೆಪ್ಶನ್ ಮುಗಿಯುವುದರೊಳಗೆ ಹೂ ಕಂದುತ್ತದೆ. ಗಿಡಕ್ಕೆ ಹೊಡೆದ ಮದ್ದು ಕೇಕಿಗೆ ತಾಗುತ್ತದೆ ಎಂಬ ಹೆದರಿಕೆ ಬೇರೆ. ಬಣ್ಣ ಚೆನ್ನಾಗಿದೆ ಅಂತ ಕಣಗಿಲೆ ಸಿಕ್ಕಿಸಿದ ಕೇಕನ್ನೂ ನಾನು ನೋಡಿದ್ದೇನೆ. ಕಣಗಿಲೆ ವಿಷದ ಗಿಡ. ಕೊನೆಗೆ 150 ಮೊಗ್ಗಿನ ದಂಡೆ ಎಂದು ಒಪ್ಪಂದವಾಯಿತು. ಏಳೂವರೆ ಗಂಟೆಯ ಕೆಲಸ.

ಮದುವೆ ಕೇಕಿನ ವಿನ್ಯಾಸ ಹೂವಿನಿಂದ ಶುರುವಾಗುತ್ತದೆ ಎಂದು ಜನ ತಿಳಿದಿರುತ್ತಾರೆ. ನನ್ನ ಮಟ್ಟಿಗೆ ಅದು ಶುರುವಾಗುವುದು ನೀರಿನಿಂದ. ಸಕ್ಕರೆ ಗಾಳಿಯಲ್ಲಿರುವ ಪಸೆಯನ್ನು ಎಳೆದುಕೊಳ್ಳುತ್ತದೆ. 2011ರಲ್ಲಿ ಲಂಡನ್ನಿನಲ್ಲಿ ನಡೆದ ರಾಜಕುಮಾರ ವಿಲಿಯಂ ಮದುವೆಯ ಕೇಕಿನಲ್ಲಿ ಎಂಟು ಅಂತಸ್ತು, 17 ಬಗೆಯ ಸಕ್ಕರೆ ಹೂ. ಅದು ಏಪ್ರಿಲ್ ತಿಂಗಳ ಲಂಡನ್. ನಮ್ಮ ಕರಾವಳಿಯ ಮೇ ತಿಂಗಳಲ್ಲಿ ಬಟ್ಟೆಯೇ ಒಣಗಲು ಸತಾಯಿಸುತ್ತದೆ, ಇನ್ನು ಎಸಳು ಎಲ್ಲಿ ಒಣಗೀತು?

ಹಾಗಾಗಿ ಮೊದಲ ಪ್ರಶ್ನೆ: ಒಳಗಿನ ಕೇಕ್ ಯಾವುದು? ಫ್ರೆಶ್ ಕ್ರೀಮ್ ಬೇಕು ಅಂದರೆ ಸಕ್ಕರೆ ಹೂ ಬೇಡ ಅನ್ನುತ್ತೇನೆ. ಕ್ರೀಮಿನ ನೀರು ಎಸಳನ್ನು ಕೆಳಗಿನಿಂದ ಕರಗಿಸುತ್ತದೆ. ಮೇಲಾಗಿ ಕ್ರೀಮ್ ಕೇಕ್ ಫ್ರಿಜ್‌ನಲ್ಲೇ ಇರಬೇಕು. ಅಲ್ಲಿಂದ ಹೊರಗೆ ತೆಗೆದದ್ದೇ ತಡ, ತಣ್ಣಗಿನ ಹೂವಿನ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ. ನಮ್ಮಲ್ಲಿ ಮದುವೆಗೆ ಮೊದಲಿನಿಂದಲೂ ಇರುವ ಪ್ಲಮ್ ಕೇಕ್ ಇದಕ್ಕೆ ಹೇಳಿ ಮಾಡಿಸಿದ್ದು. ರಮ್ಮಿನಲ್ಲಿ ನೆನೆದ ಹಣ್ಣು, ಗಟ್ಟಿ ಕೇಕ್, ಫ್ರಿಜ್ ಬೇಕಿಲ್ಲ. ಚಾಕೊಲೇಟ್ ಕೇಕೇ ಬೇಕು ಅನ್ನುವವರಿಗೆ ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮಿನ ಗನಾಶ್ ಹಚ್ಚುತ್ತೇನೆ. ಅದರ ಮೇಲೆ ಫಾಂಡೆಂಟ್, ಅಂದರೆ ಲಟ್ಟಿಸಿ ಹೊದಿಸುವ ಸಕ್ಕರೆಯ ಹಿಟ್ಟು.

ಹೂ ಮಾಡುವುದು ಗಮ್ ಪೇಸ್ಟಿನಲ್ಲಿ, ಅಂದರೆ ಒಣಗಿದ ಮೇಲೆ ಗಟ್ಟಿಯಾಗುವ ಸಕ್ಕರೆಯ ಹಿಟ್ಟಿನಲ್ಲಿ. ಸಸ್ಯಾಹಾರಿಗಳ ಮನೆಯಾದರೆ ರೆಡಿಮೇಡ್ ಪೇಸ್ಟಿನ ಲೇಬಲ್ ಓದಿಯೇ ತರಬೇಕು. ಕೆಲವದರಲ್ಲಿ ಮೊಟ್ಟೆಯ ಬಿಳಿ, ಕೆಲವದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಇರುತ್ತದೆ. ನಾನು ಅಂಥವರಿಗೆ 250 ಗ್ರಾಂ ಜೆಲಾಟಿನ್ ಇಲ್ಲದ ಫಾಂಡೆಂಟಿಗೆ ಒಂದು ಟೀ ಚಮಚ ಟೈಲೋಸ್ ಪುಡಿ ನಾದಿ, ಸುತ್ತಿ ಒಂದು ರಾತ್ರಿ ಇಡುತ್ತೇನೆ. ಟೈಲೋಸ್ ಗಿಡದ ನಾರಿನಿಂದ ತಯಾರಾಗುವುದು. ಗುಲಾಬಿಯ ಎಸಳಿಗೆ ಈ ಪೇಸ್ಟನ್ನು ಕೆಳಗಿಟ್ಟ ಪೇಪರಿನ ಅಕ್ಷರ ಕಾಣುವಷ್ಟು ತೆಳುವಾಗಿ ಲಟ್ಟಿಸಬೇಕು. ಮಲ್ಲಿಗೆಗೆ ಆ ಕಷ್ಟವಿಲ್ಲ. 30 ಗೇಜಿನ ತೆಳು ತಂತಿಯ ತುದಿಗೆ ಕಡಲೆಯಷ್ಟು ಪೇಸ್ಟ್ ಹಚ್ಚಿ, ಎರಡು ಬೆರಳಿನ ನಡುವೆ ಹೊಸೆದು, ತುದಿ ಚೂಪು ಮಾಡಿದರೆ ಮೊಗ್ಗು.

ಸುಲಭ ಅನಿಸಿತು. ಮೊದಲ ಇಪ್ಪತ್ತು ಮೊಗ್ಗು ಒಣಗಿದ ಮೇಲೆ ನೋಡಿದರೆ ಪ್ಲಾಸ್ಟಿಕ್ ಮಣಿ! ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಸುಮ್ನೆ ಹೋಗಿ ಒಂದು ಮೊಳ ಮಲ್ಲಿಗೆ ತಂದು ದೀಪದ ಕೆಳಗೆ ಹಿಡಿದೆ. ಮಲ್ಲಿಗೆ ಮೊಗ್ಗು ಪೂರ್ತಿ ಬಿಳಿಯಲ್ಲ. ಬುಡದಲ್ಲಿ ತೆಳು ಹಸಿರು, ತುದಿ ಮಾತ್ರ ಬಿಳಿ. ಮೊಗ್ಗುಗಳೆಲ್ಲ ಒಂದೇ ಅಳತೆಯೂ ಅಲ್ಲ, ಕೆಲವು ಸ್ವಲ್ಪ ಬಾಗಿರುತ್ತವೆ. ಬುಡಕ್ಕೆ ತಿನ್ನುವ ಹಸಿರು ಪುಡಿಯನ್ನು ಒಣ ಬ್ರಶ್‌ನಲ್ಲಿ ಮುಟ್ಟಿಸಿ, ನಾಲ್ಕರಲ್ಲಿ ಒಂದನ್ನು ಬೇಕೆಂದೇ ಡೊಂಕು ಮಾಡಿದೆ. ಫಾಂಡೆಂಟನ್ನು ಬಿಳಿ ಬಿಟ್ಟು ಕೆನೆ ಬಣ್ಣಕ್ಕೆ ಬದಲಿಸಿದೆ. ಆಗ ಹೂ ಎದ್ದು ಕಂಡಿತು. ದಂಡೆಯ ನಾರಿಗೆ ಬಾಳೆನಾರಿನ ಬಣ್ಣದ ಫ್ಲೋರಲ್ ಟೇಪ್.

ಕೇಕ್ ಮೂರು ಅಂತಸ್ತು: 10, 8, 6 ಇಂಚು. ದಂಡೆ ಮೇಲಿನಿಂದ ಓರೆಯಾಗಿ ಇಳಿದು ನಡುವಿನ ಅಂತಸ್ತಿನಲ್ಲೇ ನಿಲ್ಲುತ್ತದೆ. ಕೆಳಗೆ ಎದುರುಗಡೆ ಖಾಲಿ ಬಿಟ್ಟೆ. ಮದುಮಕ್ಕಳ ಚೂರಿ ಹೋಗುವುದು ಅಲ್ಲಿಗೆ ತಾನೇ? ಇದನ್ನು ಮರೆತು ಕೆಳಗೆಲ್ಲ ಹೂ ತುಂಬಿಸುವವರು ಜಾಸ್ತಿ. ತಂತಿಯನ್ನು ಕೇಕಿಗೆ ನೇರ ಚುಚ್ಚಬಾರದು. ಒಂದು ತುದಿ ಮುಚ್ಚಿದ ಸ್ಟ್ರಾ ಒಳಗಿಟ್ಟು ಅದರಲ್ಲಿ ಸಿಕ್ಕಿಸಬೇಕು. "ಹೂ ತಿನ್ನಬಹುದಾ?" ಎಂದು ಎಲ್ಲರೂ ಕೇಳುತ್ತಾರೆ. ಸಕ್ಕರೆಯೇನೋ ತಿನ್ನುವಂಥದ್ದೇ, ಆದರೆ ಒಳಗೆ ತಂತಿ ಉಂಟು. ಕೇಕ್ ಹಂಚುವ ಮೊದಲು ಹೂ ತೆಗೆದು, ಎಷ್ಟು ತಂತಿ ಸಿಕ್ಕಿಸಿದ್ದೆ ಎಂದು ಎಣಿಸಿಕೊಳ್ಳುತ್ತೇನೆ.

ಹಿಂದೆ ಒಮ್ಮೆ ಒಂದು ಹಾಲ್‌ನಲ್ಲಿ ಕೇಕ್ ಜೋಡಿಸಿಟ್ಟು ಊಟಕ್ಕೆ ಹೋಗಿದ್ದೆ. ಅಲ್ಲಿನ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಫ್ರಿಜ್‌ಗೆ ತಳ್ಳಿದ್ದರು. ಹೊರಗೆ ಬಂದಾಗ ಕೆಂಪು ಗುಲಾಬಿಯ ಬಣ್ಣ ಬಿಳಿ ಫಾಂಡೆಂಟ್ ಮೇಲೆ ಇಳಿದು ಗಾಯದ ಹಾಗೆ ಕಾಣುತ್ತಿತ್ತು. ಅಂದಿನಿಂದ ಹೂ ಬೇರೆ ಡಬ್ಬಿಯಲ್ಲಿ, ಪಸೆ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬರುತ್ತದೆ. ಕೇಕ್ ಕತ್ತರಿಸುವ ಎರಡು ಗಂಟೆ ಮೊದಲು ನಾನೇ ಸಿಕ್ಕಿಸುತ್ತೇನೆ. ಈ ಮಲ್ಲಿಗೆಗೂ ಹಾಗೆಯೇ ಮಾಡಿದೆ. ಮುಗಿದ ಮೇಲೆ ದಂಡೆಯನ್ನು ಅದೇ ಡಬ್ಬಿಯಲ್ಲಿ ಹಾಕಿ ಅಮ್ಮನ ಕೈಗೆ ಕೊಟ್ಟೆ.

ಮೂರನೇ ದಿನ ಅವರ ಫೋನ್. "ಇದನ್ನು ಆಲ್ತಾರಿನ ಮೇರಿ ಮಾತೆಗೆ ಹಾಕಬಹುದಾ?"

"ಹಾಕಬಹುದು ಆಂಟಿ, ಇರುವೆ ಬರ್ತದೆ ನೋಡಿ" ಅಂದೆ.