ಮೇ ತಿಂಗಳ ಗುಣಾಕಾರ

ಏಪ್ರಿಲ್ ಕಳೆದು ಮೇ ಬಂತೆಂದರೆ ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು: ಅಮೆರಿಕದ ಬೇಸ್‌ಬಾಲ್‌ನಲ್ಲಿ, 162 ಪಂದ್ಯಗಳ ಒಂದು ಸೀಸನ್ನಿನಲ್ಲಿ ಅತಿ ಹೆಚ್ಚು ಗೆಲುವಿನ ದಾಖಲೆ. ತಂಡದ ಹೆಸರು ವರ್ಷ ವರ್ಷ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. "ಸಾರ್, 31 ಪಂದ್ಯದಲ್ಲಿ 25 ಗೆದ್ದಿದ್ದಾರೆ. ಹೀಗೇ ಹೋದ್ರೆ 130 ಆಗುತ್ತೆ. 116ರ ದಾಖಲೆ ಈ ಸಲ ಮುರಿದ ಹಾಗೇ ಅಲ್ವಾ?"

ಅಲ್ಲ.

ಅಮೆರಿಕದಲ್ಲಿ ಕೂತು ಕ್ರೀಡಾ ಫಲಿತಾಂಶಗಳ ಮುನ್ನಂದಾಜು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಒಂದು ಟಿವಿ ವಾಹಿನಿಯ ನಿರ್ಮಾಪಕಿ ದಾಖಲೆ ಮುರಿಯುವ ಸಾಧ್ಯತೆ ಎಷ್ಟೆಂದು ತಪ್ಪದೆ ನನ್ನಿಂದ ಸಂಖ್ಯೆ ಕೇಳುತ್ತಾರೆ, ಕೊಟ್ಟ ಮೇಲೆ "ಇಷ್ಟು ಸಣ್ಣದನ್ನ ಪರದೆ ಮೇಲೆ ಹೇಗೆ ತೋರಿಸೋದು" ಎಂದು ಮುನಿಸಿಕೊಳ್ಳುತ್ತಾರೆ. ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಹಿರಿಯರಿದ್ದಾರೆ. ಮೈಸೂರಿನ ಕಡೆಯ ನಿವೃತ್ತ ಲೆಕ್ಕದ ಮೇಷ್ಟ್ರು, ಮಗಳ ಮನೆಗೆ ಬಂದು ನ್ಯೂಯಾರ್ಕಿನ ಯಾಂಕೀಸ್ ತಂಡದ ಹುಚ್ಚು ಹಿಡಿಸಿಕೊಂಡವರು. ಅವರದೂ ಅದೇ ಪ್ರಶ್ನೆ. ನನ್ನ ಉತ್ತರ ಕೇಳಿ, "ಏನಪ್ಪಾ, ನೀನು ಕಲಿತ ಲೆಕ್ಕ ಎಲ್ಲಾ ಮನುಷ್ಯರ ಆಸೆ ಕೆಡಿಸೋಕೇ ಇರೋದಾ?" ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಬರುವುದಿಲ್ಲ. ನಿರ್ಮಾಪಕಿಯ ಮೇಲೆ ಸ್ವಲ್ಪ ಬರುತ್ತದೆ.

ವಿಷಯ ಇಷ್ಟೇ. ಗೆದ್ದ 25 ಗೆಲುವು ಆ ತಂಡದ್ದೇ, ಯಾರೂ ಕಿತ್ತುಕೊಳ್ಳಲಾರರು. ಉಳಿದಿರುವುದು 131 ಪಂದ್ಯ. ಅವನ್ನು ಲೆಕ್ಕ ಹಾಕಬೇಕಾದ್ದು ಆ ತಂಡದ ನಿಜವಾದ ಶಕ್ತಿಯಿಂದ, ಮೊದಲ 31 ಪಂದ್ಯದ ಫಲಿತಾಂಶದಿಂದಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕೇಳುವವರು ತಲೆಯಾಡಿಸಿ ಮತ್ತೆ ಗುಣಾಕಾರಕ್ಕೇ ಹೋಗುತ್ತಾರೆ. ಜೂನ್ ಎರಡನೇ ವಾರ ಆಗುಂಬೆಯಲ್ಲಿ ಸುರಿದ ಮಳೆಯನ್ನು 52ರಿಂದ ಗುಣಿಸಿ ವರ್ಷದ ಮಳೆ ಇಷ್ಟು ಎಂದು ಯಾರಾದರೂ ಹೇಳಿದರೆ ನಗುತ್ತೀರಿ. ಬೇಸ್‌ಬಾಲ್ ಬಂದಾಗ ನೀವೇ ಅದನ್ನು ಮಾಡುತ್ತೀರಿ.

31ಕ್ಕೆ 25 ಗೆದ್ದ ತಂಡ ನಾನು ಕಟ್ಟಿದ ಉದಾಹರಣೆಯಲ್ಲ, 2016ರ ಚಿಕಾಗೊ ಕಬ್ಸ್. ಕೊನೆಗೆ ಅವರು ಗೆದ್ದದ್ದು 103. ಆರಂಭದ ನಂತರದ ಅವರ ಲೆಕ್ಕ 78 ಗೆಲುವು, 52 ಸೋಲು, ಒಂದು ಸಮ. ಅದು ಕಳಪೆಯೇ? ಖಂಡಿತ ಅಲ್ಲ. ಆ ವರ್ಷದ ವಿಶ್ವ ಸರಣಿಯನ್ನು, ಅಂದರೆ ಎರಡು ಲೀಗುಗಳ ವಿಜೇತರ ನಡುವಿನ ಅಂತಿಮ ಸರಣಿಯನ್ನು, ಗೆದ್ದವರೂ ಅವರೇ, ಅದೂ 108 ವರ್ಷಗಳ ನಂತರ. ಹತ್ತರಲ್ಲಿ ಆರು ಗೆಲ್ಲುವುದು ಈ ಆಟದಲ್ಲಿ ಅತ್ಯುತ್ತಮ ತಂಡದ ಲಕ್ಷಣ. ನಮ್ಮವರಿಗೆ ಇದು ಒಗ್ಗುವುದಿಲ್ಲ. ಐಪಿಎಲ್‌ನ 14 ಲೀಗ್ ಪಂದ್ಯಗಳಲ್ಲಿ ಮೊದಲ ಐದನ್ನೂ ಗೆದ್ದರೆ ಮೂರನೇ ಒಂದು ಭಾಗ ಮುಗಿದಂತೆ. ಆ ಕಣ್ಣಿನಿಂದ 162 ಪಂದ್ಯಗಳ ಸೀಸನ್ ನೋಡಿದರೆ ಎಡವಟ್ಟಾಗುವುದು ಸಹಜ.

ಇಲ್ಲಿ ಒಂದು ಉಪಪ್ರಶ್ನೆ ತಪ್ಪದೆ ಬರುತ್ತದೆ: "ಅಂದ್ರೆ ಇಷ್ಟು ಗೆದ್ದಿದ್ದಕ್ಕೆ ಈಗ ಸೋಲೋಕೆ ಶುರು ಮಾಡ್ತಾರೆ ಅಂತಲಾ?" ಇಲ್ಲ ಮಹಾರಾಯರೇ, ಅದೂ ಅಲ್ಲ. ಯಾವ ಚಿತ್ರಗುಪ್ತನೂ ಕೂತು ಗೆಲುವನ್ನು ಸೋಲಿನಿಂದ ಸರಿದೂಗಿಸುತ್ತಿಲ್ಲ. ಇನ್ನು ಮುಂದೆ ಅವರು ತಮ್ಮ ಯೋಗ್ಯತೆಗೆ ತಕ್ಕಂತೆ ಆಡುತ್ತಾರೆ, ಅಷ್ಟೇ. ಆ ಯೋಗ್ಯತೆ ಮೊದಲ ತಿಂಗಳು ಕಂಡದ್ದಕ್ಕಿಂತ ಕೆಳಗಿರುತ್ತದೆ, ಅಂಥ ತಿಂಗಳು ಬರಬೇಕಾದರೆ ಒಳ್ಳೆಯ ಆಟದ ಜೊತೆ ಅದೃಷ್ಟವೂ ಸೇರಿರಬೇಕು. ಅದೃಷ್ಟದ ಭಾಗ ಮುಂದಿನ ತಿಂಗಳಿಗೆ ಉಳಿದುಬರುವುದಿಲ್ಲ.

2022ರಲ್ಲಿ ಮೇಷ್ಟ್ರ ಯಾಂಕೀಸ್ 84 ಪಂದ್ಯಗಳಲ್ಲಿ 61 ಗೆದ್ದಿದ್ದರು. ಗುಣಿಸಿದರೆ ಸರಿಯಾಗಿ 117 ದಾಟುತ್ತದೆ. ಮೇಷ್ಟ್ರು ಒಂದು ಚೀಟಿಯಲ್ಲಿ ಆ ಲೆಕ್ಕ ಬರೆದು ನನ್ನ ಜೇಬಿಗೇ ತುರುಕಿದರು. ಉಳಿದ 78ರಲ್ಲಿ ಯಾಂಕೀಸ್ ಗೆದ್ದದ್ದು 38, ಸೋತದ್ದು 40. ಅದೇ ಸೀಸನ್ನಿನಲ್ಲಿ ಆ ತಂಡದ ಆರನ್ ಜಡ್ಜ್ 62 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದು, ಎರಡು ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ದಾಖಲೆ ಮುರಿದ ಎನ್ನುವುದನ್ನು ಗಮನಿಸಿ. ಒಬ್ಬ ಆಟಗಾರ ಬದುಕಿನ ಶ್ರೇಷ್ಠ ವರ್ಷ ಆಡುತ್ತಿದ್ದಾಗಲೇ ತಂಡ ಅರ್ಧಕ್ಕಿಂತ ಹೆಚ್ಚು ಸೋತಿತು. ಬ್ಯಾಟರ್ ಎಷ್ಟೇ ದೊಡ್ಡವನಾಗಲಿ, ಒಂಬತ್ತು ಜನರ ಸರದಿಯಲ್ಲಿ ಪಂದ್ಯಕ್ಕೆ ನಾಲ್ಕೈದು ಸಲ ಮಾತ್ರ ಅವನ ಪಾಳಿ. ಚೆಂಡೆಸೆಯುವ ಪಿಚರ್ ಅಂತೂ ದಿನಾ ಬೇರೆ. ಅತ್ಯುತ್ತಮ ಪಿಚರ್ ಮೈದಾನಕ್ಕಿಳಿಯುವುದು ಐದು ದಿನಕ್ಕೊಮ್ಮೆ. ಈ ಆಟವನ್ನು ಒಬ್ಬನೇ ಹೊತ್ತು ನಡೆಯಲು ಸಾಧ್ಯವೇ ಇಲ್ಲ.

ಆದರೆ 2017ರ ಲಾಸ್ ಏಂಜಲೀಸ್ ಡಾಡ್ಜರ್ಸ್ ಕಥೆಯ ಮುಂದೆ ಇದು ಏನೂ ಅಲ್ಲ. ಆಗಸ್ಟ್ ಕೊನೆಯ ವಾರ ಬಂದಾಗ ಅವರು 91 ಗೆದ್ದು 36 ಸೋತಿದ್ದರು. ಇದು ಮೇ ತಿಂಗಳ ಮಾತಲ್ಲ, 127 ಪಂದ್ಯ ಆದ ಮೇಲಿನ ಮಾತು. ಗುಣಾಕಾರ ಮಾಡಿದರೆ ಬರುವುದು ಕರಾರುವಾಕ್ಕಾಗಿ 116. ದಾಖಲೆ ಮುರಿಯಲು ಉಳಿದ 35ರಲ್ಲಿ 26 ಗೆಲ್ಲಬೇಕಿತ್ತು. ಅಷ್ಟು ಬಲಿಷ್ಠ ತಂಡಕ್ಕೂ ನನ್ನ ಸೂತ್ರ ಕೊಡುವುದು ಸುಮಾರು ಏಳಕ್ಕೆ ಒಂದು ಅವಕಾಶ. ಆಮೇಲೆ ಆದದ್ದು ಯಾವ ಸೂತ್ರಕ್ಕೂ ನಿಲುಕದ್ದು: ಮುಂದಿನ 17 ಪಂದ್ಯಗಳಲ್ಲಿ 16 ಸೋಲು, ಅದರಲ್ಲಿ 11 ಸಾಲಾಗಿ. ಅದೇ ದಿನಗಳಲ್ಲಿ ಕ್ಲೀವ್‌ಲ್ಯಾಂಡ್ ತಂಡ ಸತತ 22 ಪಂದ್ಯ ಗೆದ್ದು ಅಮೆರಿಕನ್ ಲೀಗಿನ ದಾಖಲೆ ಮಾಡಿತು. ಆ ಮೂರು ವಾರ ಮಾತ್ರ ನೋಡಿದವರಿಗೆ ಕ್ಲೀವ್‌ಲ್ಯಾಂಡ್ ದೇವಲೋಕದ ತಂಡ, ಡಾಡ್ಜರ್ಸ್ ಲೀಗಿಗೇ ಅವಮಾನ. ವರ್ಷದ ಕೊನೆಗೆ ಡಾಡ್ಜರ್ಸ್ 104, ಕ್ಲೀವ್‌ಲ್ಯಾಂಡ್ 102. ವಿಶ್ವ ಸರಣಿಯ ಏಳನೇ ಪಂದ್ಯದವರೆಗೆ ಹೋದದ್ದು ಡಾಡ್ಜರ್ಸ್.

ಸರಿ, ನಿಜವಾದ ಶಕ್ತಿ ಎಂದರೇನು, ಅದನ್ನು ಎಲ್ಲಿ ನೋಡುವುದು? ನಾನು ಮೊದಲು ನೋಡುವುದು ಗೆಲುವನ್ನಲ್ಲ, ರನ್ ಅಂತರವನ್ನು. 1ಕ್ಕೆ 0ಯಂತೆ ಗೆದ್ದರೂ ಒಂದು ಗೆಲುವು, 12ಕ್ಕೆ 1ರಂತೆ ಗೆದ್ದರೂ ಒಂದೇ ಗೆಲುವು. ಮುಂದಿನ ತಿಂಗಳ ಬಗ್ಗೆ ಎರಡನೆಯದು ಹೆಚ್ಚು ಹೇಳುತ್ತದೆ. 116 ಗೆದ್ದ 2001ರ ಸಿಯಾಟಲ್ ಮ್ಯಾರಿನರ್ಸ್ ಹೊಡೆದದ್ದು 927 ರನ್, ಬಿಟ್ಟುಕೊಟ್ಟದ್ದು 627. ಮುನ್ನೂರರ ಅಂತರ! ಅಷ್ಟಿದ್ದರೂ ರನ್ನುಗಳಿಂದ ಗೆಲುವನ್ನು ಅಂದಾಜಿಸುವ ಸೂತ್ರಗಳು ಅವರಿಗೆ ಕೊಡುವುದು 109ರಿಂದ 111 ಮಾತ್ರ. ಮೇಲಿನ ಐದಾರು ಗೆಲುವು ಅದೃಷ್ಟದ ಕೊಡುಗೆ. ಅಂದರೆ ದಾಖಲೆ ಮಾಡಿದ ತಂಡಕ್ಕೂ ಶಕ್ತಿಯೊಂದೇ ಸಾಲಲಿಲ್ಲ.

ಅಂಕಿಗಳನ್ನೇ ಕೇಳುವವರಿಗೆ ಹೇಳುತ್ತೇನೆ. ಸರಾಸರಿ 100 ಗೆಲ್ಲುವ ಶಕ್ತಿಯಿರುವ ತಂಡ 117 ಮುಟ್ಟುವ ಸಾಧ್ಯತೆ ಸೀಸನ್ನಿನ ಆರಂಭದಲ್ಲಿ ಸುಮಾರು 250ಕ್ಕೆ ಒಂದು. 105ರ ಶಕ್ತಿಯಿದ್ದರೆ ನೂರಕ್ಕೆ ಮೂರು. 108 ಇದ್ದರೆ ನೂರಕ್ಕೆ ಎಂಟು; ಅಂಥ ತಂಡ ಒಂದು ತಲೆಮಾರಿನಲ್ಲಿ ಒಂದೆರಡು ಬಂದರೆ ಹೆಚ್ಚು. ಒಳ್ಳೆಯ ಆರಂಭಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 31ಕ್ಕೆ 25 ಗೆದ್ದ ಮೇಲೆ ಆ 250ಕ್ಕೆ ಒಂದು ಎನ್ನುವುದು 35ಕ್ಕೆ ಒಂದಾಗುತ್ತದೆ, ನೂರಕ್ಕೆ ಮೂರು ಎನ್ನುವುದು ಹನ್ನೊಂದಾಗುತ್ತದೆ. ದೊಡ್ಡ ಏರಿಕೆಯೇ. ಆದರೆ ನೂರಕ್ಕೆ ಹನ್ನೊಂದು ಎಂದರೆ ನೂರಕ್ಕೆ ಎಂಬತ್ತೊಂಬತ್ತು ಸಲ ಆಗುವುದಿಲ್ಲ ಎಂದರ್ಥ, ಇದನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಈ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಬೇಡಿ. ಪ್ರತಿ ಪಂದ್ಯವೂ ಒಂದೇ ತೂಕದ ನಾಣ್ಯ ಚಿಮ್ಮಿದಂತೆ ಎಂದು ಭಾವಿಸಿದ ಲೆಕ್ಕ ಇದು. ನಿಜದಲ್ಲಿ ಎದುರಾಳಿ ಬದಲಾಗುತ್ತಾನೆ, ಊರು ಬದಲಾಗುತ್ತದೆ, ಮೊಣಕೈ ನೋವೆಂದು ಪಿಚರ್ ಮೂರು ತಿಂಗಳು ಹೊರಗೆ ಕೂರುತ್ತಾನೆ. 2023ರಿಂದ ವೇಳಾಪಟ್ಟಿಯೂ ಬದಲಾಗಿ, ಪ್ರತಿ ತಂಡ ಉಳಿದ ಎಲ್ಲ ತಂಡಗಳ ಎದುರೂ ಆಡಬೇಕಾಗಿದೆ. ಮೊದಲಿನಂತೆ ತನ್ನ ವಿಭಾಗದ, ಅಂದರೆ ಲೀಗಿನೊಳಗಿನ ತನ್ನ ಪುಟ್ಟ ಗುಂಪಿನ, ಬಡಪಾಯಿಗಳನ್ನು 19 ಸಲ ಬಡಿದು ಗೆಲುವು ಕೂಡಿಹಾಕುವ ಸೌಕರ್ಯ ಈಗಿಲ್ಲ, 13 ಸಲಕ್ಕೇ ಮುಗಿಯುತ್ತದೆ. ಆದ್ದರಿಂದ ನನ್ನ ಮೂರನ್ನು ಒಂದರಿಂದ ಆರರೊಳಗೆ ಎಲ್ಲೋ ಇದೆಯೆಂದು ಓದಿಕೊಳ್ಳಿ. ದಯವಿಟ್ಟು ಇದನ್ನು ಹಿಡಿದು ಬಾಜಿ ಕಟ್ಟಬೇಡಿ.

2025ರ ಡಾಡ್ಜರ್ಸ್ ಬಗ್ಗೆ ಕೇಳಿದವರು ಮೇ ತನಕವೂ ಕಾಯಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ನರು, ಮೇಲೆ ಬ್ಲೇಕ್ ಸ್ನೆಲ್, ರೋಕಿ ಸಸಾಕಿಯಂಥ ಪಿಚರುಗಳನ್ನು ಹೊಸದಾಗಿ ತಂದಿದ್ದರು. ಮೊದಲ ಎಂಟು ಪಂದ್ಯ ಎಂಟೂ ಗೆದ್ದರು. ಸ್ನೆಲ್, ಸಸಾಕಿ, ಜೊತೆಗೆ ಇನ್ನೊಬ್ಬ ಪಿಚರ್ ಗ್ಲಾಸ್‌ನೌ ಮೂವರೂ ತಿಂಗಳುಗಟ್ಟಲೆ ಗಾಯಾಳುಗಳ ಪಟ್ಟಿಯಲ್ಲಿ ಕಳೆದರು. ವರ್ಷದ ಲೆಕ್ಕ 93 ಗೆಲುವು, 69 ಸೋಲು. ಆಮೇಲೆ ಅದೇ ತಂಡ ಟೊರಾಂಟೊವನ್ನು ಏಳು ಪಂದ್ಯಗಳ ಸರಣಿಯಲ್ಲಿ ಸೋಲಿಸಿ ಮತ್ತೆ ವಿಶ್ವ ಸರಣಿ ಗೆದ್ದಿತು. ಅದೇ ಡಾಡ್ಜರ್ಸ್ 2022ರಲ್ಲಿ 111 ಗೆದ್ದು, 89 ಗೆದ್ದಿದ್ದ ಸ್ಯಾನ್ ಡಿಯಾಗೊ ಎದುರು ತಾನು ಆಡಿದ ಮೊದಲ ಪ್ಲೇಆಫ್ ಸರಣಿಯಲ್ಲೇ ಸೋತು ಮನೆಗೆ ಹೋಗಿತ್ತು.

ಹಳೆಯ ದಾಖಲೆಯ ಬಗ್ಗೆ ಒಂದು ಮಾತು. 116 ಎಂಬ ಸಂಖ್ಯೆ ಎರಡು ತಂಡಗಳದ್ದು: 2001ರ ಸಿಯಾಟಲ್, 1906ರ ಚಿಕಾಗೊ ಕಬ್ಸ್. ಇವೆರಡನ್ನೂ ಸಮ ಎನ್ನುವುದು ಅನ್ಯಾಯ. ಕಬ್ಸ್ 116 ಗೆದ್ದದ್ದು 152 ಪಂದ್ಯಗಳಲ್ಲಿ, ಸೋತದ್ದು 36 ಮಾತ್ರ. ಅದೇ ಪ್ರಮಾಣ 162ಕ್ಕೆ ಹಿಗ್ಗಿಸಿದರೆ 123ರ ಮೇಲಾಗುತ್ತದೆ. (ಮುಗಿದ ಸೀಸನ್ನನ್ನು ಗುಣಿಸುವುದಕ್ಕೆ ನನ್ನ ಅಡ್ಡಿಯಿಲ್ಲ.) ಆದರೆ ಆಗಿನ ಲೀಗು ಬೇರೆ. ಅದೇ ವರ್ಷ ಅದೇ ಲೀಗಿನ ಬಾಸ್ಟನ್ ತಂಡ 102 ಸೋತಿತ್ತು. ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿತ್ತು, ಕೆರಿಬಿಯನ್ನಿನಿಂದ, ಜಪಾನಿನಿಂದ ಪ್ರತಿಭೆ ಬರುವ ದಾರಿ ಇರಲಿಲ್ಲ. ಪ್ರತಿಭೆಯ ಕೊಳ ದೊಡ್ಡದಾದಂತೆ ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಅಂತರ ಕುಗ್ಗುತ್ತದೆ. ಹಾಗಾಗಿ 1906ರ ಕಬ್ಸ್ ಮಾಡಿದ್ದನ್ನು ಇಂದಿನ ಲೀಗಿನಲ್ಲಿ ಯಾರೂ ಮಾಡಲಾರರು ಎಂದು ನಾನು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಲ್ಲೆ. ಆ ಕಬ್ಸ್ ಕೂಡ ವಿಶ್ವ ಸರಣಿಯಲ್ಲಿ ಸೋತದ್ದು ತಮ್ಮದೇ ಊರಿನ ವೈಟ್ ಸಾಕ್ಸ್‌ಗೆ.

ಸಿಯಾಟಲ್‌ನ ವರ್ಷ ನನಗೆ ಬಹಳ ಇಷ್ಟ. ರ‍್ಯಾಂಡಿ ಜಾನ್ಸನ್, ಕೆನ್ ಗ್ರಿಫಿ, ಅಲೆಕ್ಸ್ ರಾಡ್ರಿಗಸ್ ಎಂಬ ತಾರೆಗಳು ಮೂವರೂ ಒಬ್ಬರ ಹಿಂದೊಬ್ಬರು ತಂಡ ಬಿಟ್ಟು ಹೋಗಿದ್ದರು. ಬಂದವನು ಜಪಾನಿನ ಬ್ಯಾಟರ್ ಇಚಿರೊ. ಅರ್ಧ ಸೀಸನ್ನಿಗೆ 63 ಗೆದ್ದು 24 ಸೋತರು, ಉಳಿದರ್ಧದಲ್ಲೂ ವೇಗ ಇಳಿಯಲಿಲ್ಲ, 53 ಗೆಲುವು, 22 ಸೋಲು. 1998ರ ಯಾಂಕೀಸ್ ಅರ್ಧಕ್ಕೆ ಇನ್ನೂ ಮುಂದಿದ್ದರು, 61 ಗೆಲುವು, 20 ಸೋಲು. ಅವರು ಇಳಿದು 114ಕ್ಕೆ ನಿಂತರು. ಇಷ್ಟೆಲ್ಲ ಇದ್ದ ಸಿಯಾಟಲ್ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ 14ಕ್ಕೆ 2ರಿಂದ ಮುಂದಿದ್ದ ಪಂದ್ಯವನ್ನು 11ನೇ ಇನಿಂಗ್ಸಿನಲ್ಲಿ 15-14ರಿಂದ ಕಳೆದುಕೊಂಡಿತು! ಸೀಸನ್ನಿನ ಕೊನೆಯ ಪಂದ್ಯಕ್ಕೆ ಬಂದಾಗ 116 ಆಗಿತ್ತು. ಆ ದಿನ ಟೆಕ್ಸಸ್ ಎದುರು ಸೋತರು. ಕ್ಲೀವ್‌ಲ್ಯಾಂಡಿನ ಆ ಸಂಜೆ ಹನ್ನೆರಡು ರನ್ನಿನ ಮುನ್ನಡೆ ಉಳಿಸಿಕೊಂಡಿದ್ದರೆ ಇವತ್ತು ಎಲ್ಲರೂ ನನ್ನನ್ನು ಕೇಳುತ್ತಿದ್ದುದು 118ರ ಬಗ್ಗೆ.

ಇನ್ನೊಂದು ಕಾರಣವಿದೆ, ಅದನ್ನು ಸೂತ್ರಕ್ಕೆ ಹಾಕುವುದು ಕಷ್ಟ. 117 ಗೆಲ್ಲಬೇಕೆಂದು ಯಾವ ತಂಡಕ್ಕೂ ಇಲ್ಲ. 2022ರಿಂದ ಲೀಗಿಗೆ ಆರರಂತೆ 12 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ, ಪ್ರತಿ ಲೀಗಿನ ಮೊದಲೆರಡು ತಂಡಗಳಿಗೆ ಮೊದಲ ಸುತ್ತು ಆಡುವುದೇ ಬೇಡ. ಸೆಪ್ಟೆಂಬರ್ ನಡುವಿಗೆ ಆ ಸ್ಥಾನ ಖಚಿತವಾದ ತಂಡದ ಮ್ಯಾನೇಜರ್, ಅಂದರೆ ಯಾರು ಆಡಬೇಕೆಂದು ತೀರ್ಮಾನಿಸುವವನು, ಏನು ಮಾಡುತ್ತಾನೆ? ಒಳ್ಳೆಯ ಪಿಚರುಗಳ ತೋಳು ಉಳಿಸುತ್ತಾನೆ. ಸೋಲುವ ತಂಡಕ್ಕೆ ಇಂಥ ಕಡಿವಾಣ ಇಲ್ಲ. ಅದಕ್ಕೇ ಅತಿ ಹೆಚ್ಚು ಸೋಲಿನ ದಾಖಲೆ (1900ರ ನಂತರದ್ದು) ಮೊದಲು ಮುರಿಯಿತು: 1962ರ ಮೆಟ್ಸ್ ಸೋತಿದ್ದು 120, 2024ರಲ್ಲಿ ವೈಟ್ ಸಾಕ್ಸ್ 121 ಸೋತರು. ಸೀಸನ್ ಶುರುವಾಗುವ ಮೊದಲೇ ತಮ್ಮ ಒಳ್ಳೆಯ ಪಿಚರ್ ಡಿಲನ್ ಸೀಸ್‌ನನ್ನು ಬೇರೆ ತಂಡಕ್ಕೆ ಕೊಟ್ಟು ಕೂತಿದ್ದರು.

ಹಾಗಾದರೆ ನಂಬುವುದು ಯಾವಾಗ ಎಂದು ಮೇಷ್ಟ್ರು ಕೇಳಿದರು. ಸೆಪ್ಟೆಂಬರ್ ಒಂದಕ್ಕೆ 100 ಗೆದ್ದು 36 ಸೋತಿರುವ ತಂಡ ಸಿಕ್ಕರೆ ಹೇಳಿ ಎಂದೆ. ಉಳಿದ 26ರಲ್ಲಿ 17 ಬೇಕು. 105ರ ಶಕ್ತಿಯ ತಂಡಕ್ಕೆ ಅದು ನೂರಕ್ಕೆ 55ರ ಆಸುಪಾಸು. ಮ್ಯಾನೇಜರ್ ತನ್ನ ಮೊದಲ ಪಿಚರಿಗೆ ವಿಶ್ರಾಂತಿ ಕೊಟ್ಟನೆಂಬ ಸುದ್ದಿ ಬಂದರೆ ಅದನ್ನು 40ರ ಕೆಳಗೆ ಇಳಿಸುತ್ತೇನೆ.