ನೀಲಿ ಮಾತ್ರೆಗಿಂತ ಮೊದಲು ಔಷಧಿ ಚೀಲ ತೋರಿಸಿ

ಅವರು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದು ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್‌ನ ಒಂದು ತುಂಡು. ಒಳಗೆ ಒಂದೇ ಮಾತ್ರೆ. ಹೆಸರಿನ ಮುಂಭಾಗ ಕತ್ತರಿಗೆ ಹೋಗಿ 'ಫಿಲ್' ಎಂಬ ಬಾಲವೂ 100 ಎಂಬ ಅಂಕಿಯೂ ಮಾತ್ರ ಉಳಿದಿದ್ದವು. "ಸ್ನೇಹಿತ ಕೊಟ್ಟಿದ್ದು ಡಾಕ್ಟ್ರೇ. ತಗೋಬಹುದಾ ಅಂತ ಕೇಳಿಬಿಡೋಣ ಅನ್ನಿಸ್ತು" ಎಂದರು. ವಯಸ್ಸು 58.

ನಾನು ಆ ತುಂಡನ್ನು ಮುಟ್ಟಲೇ ಇಲ್ಲ. ಬೇರೆ ಏನೇನು ಮಾತ್ರೆ ತಗೋತೀರಿ ಎಂದು ಕೇಳಿದೆ. ಬಿಪಿಗೆ ಒಂದು, ಶುಗರ್‌ಗೆ ಎರಡು. ಅಷ್ಟೇನಾ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾದ್ರೆ ನಾಲಿಗೆ ಕೆಳಗೆ ಇಟ್ಕೊಳ್ಳೋಕೆ ಒಂದು ಕೊಟ್ಟಿದಾರೆ. ಅದನ್ನ ದಿನಾ ತಗೊಳ್ಳಲ್ಲ. ಅದಕ್ಕೇ ಹೇಳಲಿಲ್ಲ."

ಹೇಳದೆ ಬಿಟ್ಟಿದ್ದ ಆ ಮಾತ್ರೆಯ ಬಗ್ಗೆಯೇ ನಾನು ಈ ಅಂಕಣ ಬರೆಯುತ್ತಿರುವುದು.

ನಿಮಿರುವಿಕೆಯ ತೊಂದರೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ ಎಂಬ ನೀಲಿ ಮಾತ್ರೆ), ಟಡಲಾಫಿಲ್ ಥರದ ಮಾತ್ರೆಗಳು ಆಸೆ ಹುಟ್ಟಿಸುವುದಿಲ್ಲ. ಇದು ಗೊತ್ತಿಲ್ಲದೆ 'ಮಾತ್ರೆ ನುಂಗಿ ಟಿವಿ ನೋಡ್ತಾ ಕೂತೆ, ಏನೂ ಆಗಲಿಲ್ಲ' ಎಂದು ದೂರುವವರಿದ್ದಾರೆ. ಮನಸ್ಸು ಉದ್ರೇಕಗೊಂಡಾಗ ಶಿಶ್ನದ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಅದರಿಂದ ಸೈಕ್ಲಿಕ್ ಜಿಎಂಪಿ ಎಂಬ ವಸ್ತು ಹೆಚ್ಚುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ರಕ್ತ ತುಂಬಿ ಗಡಸುತನ ಬರುತ್ತದೆ. ಪಿಡಿಇ-5 ಎಂಬ ಕಿಣ್ವ ಆ ವಸ್ತುವನ್ನು ಒಡೆದುಹಾಕುತ್ತಾ ಇರುತ್ತದೆ. ಈ ಮಾತ್ರೆಗಳು ತಡೆಯುವುದು ಆ ಕಿಣ್ವವನ್ನು. ಕೆರೆಯ ತೂಬು ಮುಚ್ಚಿದ ಹಾಗೆ. ಒಳಗೆ ನೀರೇ ಬರದಿದ್ದರೆ ತೂಬು ಮುಚ್ಚಿ ಏನು ಪ್ರಯೋಜನ?

ಈಗ ನಾಲಿಗೆ ಕೆಳಗಿನ ಮಾತ್ರೆಗೆ ಬನ್ನಿ. ಅದು ನೈಟ್ರೇಟ್. ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್ ಇವೆಲ್ಲ ಅದೇ ಗುಂಪು. ಅವು ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿಯೇ ಕೆಲಸ ಮಾಡುತ್ತವೆ. ಅಂದರೆ ಒಂದು ಕಡೆ ತೂಬು ಮುಚ್ಚಿ, ಇನ್ನೊಂದು ಕಡೆಯಿಂದ ಹೊಳೆಯನ್ನೇ ತಿರುಗಿಸಿದಂತೆ. ಇಡೀ ದೇಹದ ರಕ್ತನಾಳಗಳು ಒಮ್ಮೆಲೇ ಸಡಿಲವಾಗಿ ಬಿಪಿ ಕುಸಿಯುತ್ತದೆ. ಮೊದಲೇ ರಕ್ತ ಸಾಲದ ಹೃದಯಕ್ಕೆ ಇನ್ನೂ ಕಡಿಮೆ ಸಿಗುತ್ತದೆ. ಪ್ರಾಣ ಹೋಗಬಹುದು. ಇಲ್ಲಿ 'ಸ್ವಲ್ಪ ತಗೊಂಡ್ರೆ ಪರವಾಗಿಲ್ಲ' ಎಂಬ ಮಾತೇ ಇಲ್ಲ. ಮಾತ್ರೆ, ಸ್ಪ್ರೇ, ಎದೆಗೆ ಅಂಟಿಸುವ ಪ್ಯಾಚ್, ಯಾವ ರೂಪದಲ್ಲೂ ಬೇಡ. ಎದೆನೋವಿಗೇ ಕೊಡುವ ನಿಕೊರಾಂಡಿಲ್ ಕೂಡ ಇದೇ ಪಟ್ಟಿಯಲ್ಲಿದೆ. ಮೋಜಿಗೆಂದು ಮೂಸುವ 'ಪಾಪರ್ಸ್' ಕೂಡ ನೈಟ್ರೈಟೇ, ಅದೂ ಅಷ್ಟೇ ಅಪಾಯ.

ವಿಚಿತ್ರ ನೋಡಿ, ಸಿಲ್ಡೆನಾಫಿಲ್ಲನ್ನು ಮೊದಲು ಪರೀಕ್ಷಿಸಿದ್ದು ಎದೆನೋವಿನ ಔಷಧಿಯಾಗಿಯೇ. ಅದರಲ್ಲಿ ಅಷ್ಟೇನೂ ಗೆಲ್ಲಲಿಲ್ಲ, ಅಡ್ಡಪರಿಣಾಮವೇ ಗೆದ್ದಿತು. 1998ರಲ್ಲಿ ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಬಗೆಗಿನ ಸಂಶೋಧನೆಗೆ ನೊಬೆಲ್ ಬಂದಿದ್ದೂ ಅದೇ ವರ್ಷ.

ಇನ್ನೊಂದು ಸಂದರ್ಭ ಜನ ಯೋಚಿಸುವುದೇ ಇಲ್ಲ. ಮಾತ್ರೆ ತಗೊಂಡ ರಾತ್ರಿ ಎದೆನೋವು ಬಂತು ಅನ್ನಿ. ಎಲ್ಲವನ್ನೂ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಲಿಗೆ ಕೆಳಗೆ ಏನನ್ನೂ ಇಟ್ಟುಕೊಳ್ಳಬಾರದು. ಯಾವ ಮಾತ್ರೆ, ಎಷ್ಟು ಹೊತ್ತಿಗೆ ತಗೊಂಡೆ ಎಂದು ಅಲ್ಲಿನ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡದೆ ಬೇರೆ ದಾರಿ ನೋಡುತ್ತಾರೆ. ಪಕ್ಕದಲ್ಲಿ ಮಗನೋ ಅಳಿಯನೋ ನಿಂತಿದ್ದಾರೆ ಅಂತ ಸಂಕೋಚಪಟ್ಟು ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ. ಅವರನ್ನು ಒಂದು ನಿಮಿಷ ಹೊರಗೆ ಕಳಿಸಿ ಅನ್ನಿ. ಯಾರೂ ಕಾರಣ ಕೇಳುವುದಿಲ್ಲ.

ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಥರದ ಮಾತ್ರೆ ತಗೊಳ್ಳುವವರು ಇದನ್ನೂ ಸೇರಿಸಿಕೊಂಡರೆ ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಅವರಿಗೆ ಕಡಿಮೆ ಡೋಸಿನಿಂದಲೇ ಶುರು ಮಾಡುತ್ತೇವೆ. ಕೆಲವು ಫಂಗಸ್ ಔಷಧಿಗಳು, ಎಚ್‌ಐವಿಯ ರಿಟೊನಾವಿರ್, ಎರಿಥ್ರೊಮೈಸಿನ್ ಇವು ಸಿಲ್ಡೆನಾಫಿಲ್ ಕರಗಿಹೋಗುವುದನ್ನು ನಿಧಾನ ಮಾಡುತ್ತವೆ. ಆಗ 50 ಮಿಲಿಗ್ರಾಂ ನುಂಗಿದರೂ ಜಾಸ್ತಿ ನುಂಗಿದಂತೆಯೇ.

ಹಾಗಾದರೆ ಆ 100? ಸಿಲ್ಡೆನಾಫಿಲ್ ಆದರೆ ಸಾಮಾನ್ಯವಾಗಿ ನಾವು ಶುರು ಮಾಡುವುದು 50 ಮಿಲಿಗ್ರಾಂನಿಂದ. 65 ದಾಟಿದವರಿಗೆ, ಲಿವರ್ ಅಥವಾ ಕಿಡ್ನಿ ಚೆನ್ನಾಗಿಲ್ಲದವರಿಗೆ 25. ಸುಮಾರು ಒಂದು ಗಂಟೆ ಮೊದಲು, ದಿನಕ್ಕೆ ಒಂದೇ ಸಲ. ಎಣ್ಣೆ, ಕೊಬ್ಬು ಜಾಸ್ತಿ ಇರುವ ಊಟ ಮಾಡಿದ್ದರೆ ಕೆಲಸ ತಡವಾಗುತ್ತದೆ. ತಡವಾಯಿತೆಂದು ಇನ್ನೊಂದು ನುಂಗುವುದೇ ಜನ ಮಾಡುವ ತಪ್ಪು. ಕುಡಿದು ತಗೊಂಡರೆ ಬಿಪಿ ಇಳಿಯುತ್ತದೆ, ಮಾತ್ರೆಯ ಕೆಲಸವೂ ಕೆಡುತ್ತದೆ. ಟಡಲಾಫಿಲ್‌ಗೆ ಊಟದ ತಕರಾರಿಲ್ಲ. ಅದರ ಪ್ರಭಾವ 36 ಗಂಟೆವರೆಗೂ ಇರಬಹುದು. 36 ಗಂಟೆ ನಿಮಿರಿಕೊಂಡೇ ಇರುತ್ತದೆ ಎಂದಲ್ಲ, ಅಷ್ಟರೊಳಗೆ ಉದ್ರೇಕವಾದರೆ ಸಹಾಯ ಮಾಡುತ್ತದೆ ಅಷ್ಟೇ. ಒಂದೇ ರಾತ್ರಿ ನೋಡಿ 'ಇದು ವೇಸ್ಟು' ಅನ್ನಬೇಡಿ, ಬೇರೆ ಬೇರೆ ದಿನ ಆರೇಳು ಸಲ ನೋಡಿ.

ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಎದೆಯುರಿ ಇವು ಮಾಮೂಲು. ಟಡಲಾಫಿಲ್‌ನಲ್ಲಿ ಬೆನ್ನುನೋವೂ ಬರಬಹುದು. ಕಣ್ಣಿಗೆ ಸ್ವಲ್ಪ ನೀಲಿ ಛಾಯೆ ಕಂಡು ಹೋದರೆ ಮುಂದಿನ ಸಲ ಬಂದಾಗ ಹೇಳಿ, ಡೋಸ್ ಇಳಿಸುತ್ತೇವೆ. ಆದರೆ ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಹೋದರೆ, ಕಿವಿ ಕೇಳಿಸದಾದರೆ ತಡಮಾಡಬೇಡಿ. ನಿಮಿರುವಿಕೆ 4 ಗಂಟೆ ದಾಟಿದರೂ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ. ಅನುಭವಿಸಿದವರು ನಗುವುದಿಲ್ಲ, ವಿಪರೀತ ನೋವು ಅದು. ಬಿಟ್ಟರೆ ಒಳಗಿನ ಅಂಗಾಂಶ ಶಾಶ್ವತವಾಗಿ ಹಾಳಾಗುತ್ತದೆ.

'ಇಂಗ್ಲಿಷ್ ಮಾತ್ರೆ ಬೇಡ, ಗಿಡಮೂಲಿಕೆ ತಗೋತೀನಿ' ಅನ್ನುವವರಿಗೂ ಒಂದು ಮಾತು. ಶಕ್ತಿ ಬರುತ್ತದೆಂದು ಮಾರುವ ಇಂಥ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ, ಪರೀಕ್ಷೆ ಮಾಡಿದಾಗ, ಸಿಕ್ಕಿದ್ದು ಅದೇ ಸಿಲ್ಡೆನಾಫಿಲ್. ಚೀಟಿಯಲ್ಲಿ ಹೆಸರಿಲ್ಲ, ಎಷ್ಟಿದೆ ಅಂತಲೂ ಇಲ್ಲ. ನೈಟ್ರೇಟ್ ತಗೊಳ್ಳುವ ಹೃದ್ರೋಗಿ ಇದನ್ನು 'ಬರೀ ಬೇರು' ಅಂತ ನಂಬಿ ನುಂಗಿದರೆ?

ನಮ್ಮ ರೋಗಿಗೆ ಆ ದಿನ ನಾನು ಯಾವ ಮಾತ್ರೆಯನ್ನೂ ಬರೆಯಲಿಲ್ಲ. ಅವರಿಗೆ ಬೇಜಾರಾಯಿತು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟತೊಡಗಿದರೆ ಅಲ್ಲಿ ಮೊದಲು ಗೊತ್ತಾಗುವುದು ಸಹಜ, ಎಷ್ಟೋ ಜನರಲ್ಲಿ ಹೃದಯದ ಲಕ್ಷಣಕ್ಕಿಂತ ಎರಡು ಮೂರು ವರ್ಷ ಮೊದಲೇ. ಇವರಿಗಂತೂ ಎದೆಯೂ ಹಿಡಿಯುತ್ತಿತ್ತು. ಹೃದಯ ತಜ್ಞರ ಬಳಿ ಕಳಿಸಿದೆ. ನೈಟ್ರೇಟನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದೆ. ನೈಟ್ರೇಟ್ ಬೇಕೇ ಬೇಕೆಂದಾದರೆ ನಿಮಿರುವಿಕೆಗೆ ವ್ಯಾಕ್ಯೂಮ್ ಪಂಪ್ ಇದೆ, ಆಲ್‌ಪ್ರೊಸ್ಟಾಡಿಲ್ ಇಂಜೆಕ್ಷನ್ ಇದೆ, ದಾರಿ ಮುಚ್ಚಿಲ್ಲ ಎಂದೂ ಹೇಳಿದೆ.

ಅವರಿಗೆ ಒಂದು ನಾಳದಲ್ಲಿ ಬ್ಲಾಕ್ ಇತ್ತು. ಸ್ಟೆಂಟ್ ಹಾಕಿದರು. ಎಂಟು ತಿಂಗಳ ನಂತರ, ಈ ಸಲ ಹೆಂಡತಿಯ ಜೊತೆ ಬಂದರು. ಪರ್ಸಿನಲ್ಲಿ ಈಗ ಸ್ಟ್ರಿಪ್‌ನ ತುಂಡಿರಲಿಲ್ಲ. ಹೆಂಡತಿಯ ಅಕ್ಷರದಲ್ಲಿ ಬರೆದ ಮಾತ್ರೆಗಳ ಪಟ್ಟಿ ಇತ್ತು. ನೈಟ್ರೇಟ್ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೃದಯ ತಜ್ಞರು ನಿಲ್ಲಿಸಿದ ತಾರೀಕು ಹಾಕಿದ್ದರು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದರು. "ಅಲ್ಲಿ ನೀವು ಬರೀರಿ ಡಾಕ್ಟ್ರೇ" ಎಂದು ಆಯಮ್ಮ ಪೆನ್ನು ಕೊಟ್ಟರು. ಸಿಲ್ಡೆನಾಫಿಲ್ 25 ಎಂದು ಬರೆದೆ.